ಗೋಡೆಯಾಚೆಯ ಗೋರಿಗೆ ಸುಣ್ಣ

“ಕೇಳಿರಪ್ಪೋ ಕೇಳಿ! ಪಾವ್ಲು ದೊರೆಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರು ಬೇಡಿದ್ದು ಪಡೆಯಬಹುದು. ತಪ್ಪಿದವರ ತಲೆ ಹೋಗುತ್ತದೆ!”

ಡಂಗುರ ಸುಣ್ಣದ ಗೂಡಿನವರೆಗೂ ಕೇಳಿಸಿತು. ಗುಡ್ಡದ ಕಲ್ಲು ಸುಟ್ಟು ಸುಣ್ಣ ಮಾಡುವ ಇನಾಸ ಸಲಿಕೆ ಕೆಳಗಿಟ್ಟ. ಆ ರಾಜ್ಯದಲ್ಲಿ ಸತ್ತವರ ಹಬ್ಬಕ್ಕೆ ಇಗರ್ಜಿಯ ಗೋಡೆಯೊಳಗಿನ ಗೋರಿಗಳಿಗೆಲ್ಲ ಹೊಸ ಸುಣ್ಣ ಬಳಿಯುವುದು ವಾಡಿಕೆ. ಕ್ರೈಸ್ತರಾಗಿಸುವ ಜ್ಞಾನಸ್ನಾನವಾಗದೆ ಸತ್ತವರನ್ನು ಮಾತ್ರ ಗೋಡೆಯಾಚೆ ಹೂಳುತ್ತಿದ್ದರು. ಅವರಿಗೆ ಸುಣ್ಣವೂ ಇಲ್ಲ, ಸ್ವರ್ಗವೂ ಇಲ್ಲ. ಜಿನಭಕ್ತೆಯಾಗಿದ್ದ ರಾಣಿ ಪದ್ಮಲೆ ಅಲ್ಲೇ ಮಲಗಿದ್ದಳು, ಪಕ್ಕದಲ್ಲಿ ಇನಾಸನ ತಾಯಿ ದುಗ್ಗಮ್ಮ. ಊರಿಗೆಲ್ಲ ಸುಣ್ಣ ಸುಡುವ ಮಗ ಹೆತ್ತವಳ ಗೋರಿಗೆ ಒಂದು ಹಿಡಿ ಬಳಿಯುವಂತಿರಲಿಲ್ಲ. ಅವಳನ್ನು ಇನ್ನೆಂದೂ ಕಾಣಲಾರೆ ಎಂದು ಪಾದ್ರಿಗಳು ಹೇಳಿದಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಲೆ ಹೋದರೆ ಹೋಗಲಿ, ಗೆದ್ದರೆ ಆ ಗೋಡೆ ಕೆಡವಿಸುತ್ತೇನೆ ಎಂದು ಹೊರಟ. ಅವನು ಅರಮನೆ ತಲುಪುವಷ್ಟರಲ್ಲಿ ಆಗಲೇ ಹಲವರ ತಲೆ ಹೋಗಿತ್ತು.

“ಮುಗಿಯಿತೆಂದು ಎಲ್ಲರೂ ಹೇಳುವ ಕೆಲಸವೊಂದು ಇನ್ನೂ ನಡೆಯುತ್ತಲೇ ಇದೆ. ಯಾವುದು?” ಎಂದು ದೊರೆ ಕೇಳಿದ. ರಾಣಿ ಹೋದ ಮೇಲೆ ಅವನ ಮುಖದಲ್ಲಿ ಜೀವವೇ ಇರಲಿಲ್ಲ.

ಒಬ್ಬ ಪಂಡಿತ, “ನನ್ನ ಬಾಯಲ್ಲಿ ಸೃಷ್ಟಿ ಅನ್ನಿಸಬೇಕೆಂದಿದ್ದೀರಿ. ಅದು ಆರೇ ದಿನಕ್ಕೆ ಮುಗಿದಿದೆ,” ಎಂದು ಗತ್ತಿನಿಂದ ಹೇಳಿದ. ಅವನ ತಲೆ ಹೋಯಿತು. ಹೊಸ ವಿದ್ಯೆ ಕಲಿತವನೊಬ್ಬ, “ಜೀವಗಳು ತಾವಾಗಿಯೇ ಬದಲಾಗುತ್ತಿವೆ. ಮಾಡುವವನು ಯಾರೂ ಇಲ್ಲ,” ಎಂದ. ಅವನದೂ ಹೋಯಿತು. ಅರ್ಧ ನಿಜ ಹೇಳಿದವನನ್ನೂ ಬಿಡಲಿಲ್ಲವಲ್ಲ ಎಂದುಕೊಳ್ಳುತ್ತ ಇನಾಸ ದೊರೆಯ ಎದುರು ನಿಂತ.

“ಸೃಷ್ಟಿಯೇ ಒಡೆಯಾ,” ಎಂದ ಇನಾಸ. “ಗುಡ್ಡದ ಕಲ್ಲಿನಲ್ಲಿ ಚಿಪ್ಪುಗಳಿವೆ. ಅಡಿಯ ಕಲ್ಲಿನಲ್ಲಿರುವಂಥವು ಈಗ ಯಾವ ಕಡಲಲ್ಲೂ ಇಲ್ಲ. ಮೇಲೆ ಬಂದ ಹಾಗೆ ನಮ್ಮ ಕಡಲಿನವುಗಳ ಹಾಗೇ ಕಾಣ್ತವೆ. ದೇವರು ಇನ್ನೂ ಕೆಲಸ ಮುಗಿಸಿ ಕೈ ತೊಳೆದುಕೊಂಡಿಲ್ಲ.”

ದೊರೆ ತಲೆಯಾಡಿಸಿ ಎರಡನೆಯದು ಕೇಳಿದ. “ಅತಿಥಿ ಹಡಗಿನಲ್ಲಿ ಬಂದ. ಆದರೆ ಬರುವ ಮೊದಲೇ ಮನೆಯೊಳಗಿದ್ದ. ಯಾರು? ಸೈತಾನ ಎಂದವನು ನಿನ್ನೆಯೇ ಸತ್ತ.”

“ದೇವರು. ಹಡಗಿನಲ್ಲಿ ಪಾದ್ರಿಗಳು ಆತನ ಹೆಸರು ತಂದರು. ನನ್ನಮ್ಮ ಆ ಹೆಸರು ಕೇಳುವ ಮೊದಲೇ ಹಸಿದು ಬಂದವರಿಗೆ ಬಡಿಸಿ ಆಮೇಲೆ ಉಣ್ತಿದ್ದಳು. ರಾಣಿಯಮ್ಮ ಇರುವೆಯನ್ನೂ ತುಳೀತಿರಲಿಲ್ಲ. ಅವರಿಗದನ್ನು ಕಲಿಸಿದವನು ಬೇರೆ ಯಾರು?”

ದೊರೆ ಎದ್ದು ನಿಂತ. “ಹಾಗಾದರೆ ಕೊನೆಯದು. ಪದ್ಮಲೆ ಈಗ ಎಲ್ಲಿದ್ದಾಳೆ?”

ಸ್ವರ್ಗ ಎಂಬ ಮಾತು ಇನಾಸನ ನಾಲಿಗೆ ತುದಿಗೆ ಬಂದಿತ್ತು. ಆದರೆ ರಾಣಿಗೆ ಹೇಳಿದ್ದು ಪಕ್ಕದಲ್ಲಿ ಮಲಗಿದ ಅಮ್ಮನಿಗೂ ಹೇಳಿದಂತೆ. ಅಮ್ಮನ ವಿಷಯದಲ್ಲಿ ಸುಳ್ಳಾಡಲು ಅವನಿಂದ ಆಗಲಿಲ್ಲ.

“ಗೊತ್ತಿಲ್ಲ ಒಡೆಯಾ. ನನ್ನಮ್ಮ ಎಲ್ಲಿದ್ದಾಳೋ ಅದೂ ಗೊತ್ತಿಲ್ಲ.”

ಕತ್ತಿಯವನು ಮುಂದೆ ಬಂದ. ದೊರೆ ಕೈ ಅಡ್ಡ ಹಿಡಿದ.

“ಅದೇ ಉತ್ತರ,” ಎಂದ. “ಇಲ್ಲಿಯವರೆಗೆ ಬಂದವರೆಲ್ಲ ಗೊತ್ತು ಎಂದರು. ಕೆಲವರು ನರಕ ಎಂದರು, ಕೆಲವರು ಸ್ವರ್ಗ ಎಂದರು. ನನಗೆ ಯಾರನ್ನೂ ನಂಬಲಾಗಲಿಲ್ಲ. ಏನು ಬೇಕು ಕೇಳು.”

“ಆ ಗೋಡೆ ಕೆಡವಿಸಿ.”

ಸತ್ತವರ ಹಬ್ಬದ ದಿನ ಗೋಡೆ ಇರಲಿಲ್ಲ. ಇನಾಸ ತಾಯಿಯ ಗೋರಿಗೆ ಬಳಿದ. ದೊರೆ ರಾಣಿಯ ಗೋರಿಗೆ ಬರಿಗೈಯಲ್ಲೇ ಬಳಿಯತೊಡಗಿದ.

“ಕೈ ಉರಿಯುತ್ತಿದೆಯಲ್ಲೋ.”

“ಹೊಸ ಸುಣ್ಣ ಒಡೆಯಾ, ಉರಿಯುತ್ತೆ. ಇನ್ನೂ ಇವೆ.” ಇನಾಸ ಪಕ್ಕದ ಹಸಿಮಣ್ಣಿನ ಗುಡ್ಡೆಗಳನ್ನು ತೋರಿಸಿದ. ತಲೆ ಕಳೆದುಕೊಂಡವರು ಅಲ್ಲಿದ್ದರು.

ಆಮೇಲೆ ಅವರಿಬ್ಬರೂ ಸುಖವಾಗಿದ್ದರು ಎಂದರೆ ಸುಳ್ಳಾಗುತ್ತದೆ. ದೊರೆ ಕತ್ತಲಾಗುವವರೆಗೂ ಆ ಗುಡ್ಡೆಗಳಿಗೆ ಸುಣ್ಣ ಬಳಿದ. ಅಲ್ಲಿ ಮಲಗಿದವರು ಎಲ್ಲಿಗೆ ಹೋದರೆಂದು ಅವನು ಯಾರನ್ನೂ ಕೇಳಲಿಲ್ಲ.