ನಾಲ್ಕನೆಯ ಮೀನಿನ ಆಯುಷ್ಯ

ಹದಿನೈದು ದಿನ ಹಳ್ಳಿ ತಿರುಗಿ ಬಂದ ನಿರ್ವಾಣಜ್ಜ ಕಾಲು ಕೂಡ ತೊಳೆಯಲಿಲ್ಲ. ಆಶ್ರಮದ ಪಡಸಾಲೆಯಲ್ಲಿದ್ದ ಮೀನಿನ ತೊಟ್ಟಿಯ ಮುಂದೆ ನಿಂತುಬಿಟ್ಟರು.

ನೋಡುನೋಡುತ್ತ ಅವರ ಮುಖ ಕೆಂಪಾಯಿತು.

ಆ ಗಾಜಿನ ತೊಟ್ಟಿ ಊರಿನ ಪೋಸ್ಟ್ ಮಾಸ್ತರರದು. ವರ್ಗವಾಗಿ ಹೋಗುವಾಗ ಅಜ್ಜನ ಕೈಗೆ ಒಪ್ಪಿಸಿ ಹೋಗಿದ್ದರು. ಅದರಲ್ಲಿ ನಾಲ್ಕು ಮೀಸೆಮೀನುಗಳಿದ್ದವು. ತಳದಲ್ಲೇ ಓಡಾಡಿ, ಮೀಸೆಯಿಂದ ತಡವಿ, ಮರಳಿಗೆ ಮೂತಿ ತೂರಿಸಿ ತಿನ್ನುವ ಜಾತಿ. ಆಶ್ರಮದವರು ಮೀನು ಕಂಡಿದ್ದೇ ಹೊಳೆಯಲ್ಲಿ ಮೀಯುವಾಗ, ಅದರ ಬದುಕು ಅವರಿಗೇನು ಗೊತ್ತು. ಅಜ್ಜನೇ ಮರಳು ತಂದು, ತೊಳೆದು, ತಳಕ್ಕೆ ಹಾಸಿದ್ದರು.

ಈಗ ಆ ಮರಳು ಇರಲಿಲ್ಲ. ಅದರ ಜಾಗದಲ್ಲಿ ಒಡೆದ ರಂಗೋಲಿ ಕಲ್ಲಿನ ಚೂರು ಬೆಳ್ಳಗೆ ಮಿಂಚುತ್ತಿತ್ತು.

ಇದು ಶಿಷ್ಯ ಅಡಿವೆಯ್ಯನ ಕೆಲಸ. ಬರುವ ಸೋಮವಾರ ಅವನನ್ನು ಹೊಳೆಯಾಚೆಯ ಮಠಕ್ಕೆ ಹಿರಿಯನನ್ನಾಗಿ ಕಳಿಸುವುದೆಂದು ಗೊತ್ತಾಗಿತ್ತು. ಹನ್ನೆರಡು ವರ್ಷ ಅವನು ಕಾದದ್ದು ಆ ಒಂದು ದಿನಕ್ಕೆ. ಕರೆದೊಯ್ಯಲು ಬರುವ ಜನರ ಕಣ್ಣಿಗೆ ಕೊಳಕು ಬೀಳಬಾರದೆಂದು ಮರಳನ್ನು ಬಿಲ್ವದ ಬುಡಕ್ಕೆ ಸುರಿದು, ಆ ಕಲ್ಲು ಹಾಸಿದ್ದ.

ಅಜ್ಜ ಇಲ್ಲದಾಗ ಆಶ್ರಮಕ್ಕೆ ಬಂದುಹೋದವರೆಲ್ಲ, ಹೊಳೆಯಾಚೆಯವರೂ, ಕಣ್ಣರಳಿಸಿ ಹೊಗಳಿದರು. ಹೊಗಳುವುದಕ್ಕೇನು, ಅವರು ಆ ನೀರಿನಲ್ಲಿ ಇರಬೇಕಾಗಿತ್ತೆ?

ಮೂರು ಮೀನುಗಳು ತಳ ಮುಟ್ಟದೆ ಮೂಲೆಯಲ್ಲಿ ತೇಲುತ್ತಿದ್ದವು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದರ ಮೀಸೆ ಸವೆದು ಮೊಂಡಾಗಿತ್ತು, ಬಾಯಿಯ ಸುತ್ತ ಕೆಂಪು ಗಾಯ.

"ನಾಲ್ಕನೇದು ಎಲ್ಲಿ?" ಎಂದರು ಅಜ್ಜ.

"ಮೊನ್ನೆ ಸತ್ತೋತ್ರಿ, ಅಜ್ಜಾರ. ಅದರ ಆಯುಷ್ಯ ಅಷ್ಟ ಇತ್ತು."

"ಅದರ ಆಯುಷ್ಯ ನೀ ಬರೆದಿದ್ದೇನು?"

ಪಡಸಾಲೆಯಲ್ಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಅಡಿವೆಯ್ಯನಿಗೂ ಸಿಟ್ಟು ಬಂತು. ದಿನಕ್ಕೆ ಎರಡು ಹೊತ್ತು ತಪ್ಪದೆ ಆಹಾರ ಹಾಕಿದ್ದೇನೆ, ನೀರು ಕನ್ನಡಿಯಂತೆ ಇಟ್ಟಿದ್ದೇನೆ, ಇನ್ನೇನು ಮಾಡಬೇಕಿತ್ತು ಎಂದು ಕೇಳಿಯೇಬಿಟ್ಟ. ಮರಳಿದ್ದಾಗ ಮೀನುಗಳು ಕೆದರಿ ಕೆದರಿ ನೀರು ಕದಡುತ್ತಿದ್ದವು, ಅದನ್ನು ನೋಡಿ ಎಷ್ಟು ಜನ ಮೂಗು ಮುರಿದಿದ್ದರೆಂದೂ ಹೇಳಿದ.

ಅಜ್ಜ ಮೂರು ಮೀನುಗಳನ್ನು ನೀರು ತುಂಬಿದ ಮಣ್ಣಿನ ಹರವಿಗೆ ಬಿಟ್ಟರು. ತೊಟ್ಟಿಯ ಕಲ್ಲನ್ನೆಲ್ಲ ಬಾಚಿ ಅಂಗಳದಲ್ಲಿ ಹರವಿದರು. ಅಡಿಗೆಮನೆಯಿಂದ ಒಂದು ಹಿಡಿ ಪುಠಾಣಿ ಕಾಳು ತಂದು ಅದರ ಮೇಲೆ ಚೆಲ್ಲಿದರು.

"ಊಟದ ಹೊತ್ತಾತು. ತಿನ್ನು."

ಅಡಿವೆಯ್ಯ ಕೂತು ಕೈ ಚಾಚಿದ.

"ಕೈ ಹಚ್ಚಬ್ಯಾಡ. ಬಾಯಿಲೆ ತಿನ್ನು."

ಗುರುವಿನ ಮಾತು. ಅವನು ಮಂಡಿಯೂರಿ, ಹಲ್ಲು ಕಚ್ಚಿಕೊಂಡು ಬಗ್ಗಿದ. ಒಂದು ಕಾಳು ಸಿಕ್ಕಿತು, ಎರಡು ಸಿಕ್ಕವು. ಮೂರನೆಯದಕ್ಕೆ ಬಾಯಿ ಹಾಕಿದಾಗ ಕಲ್ಲಿನ ಚೂರು ತುಟಿ ಕೊಯ್ದು ರಕ್ತ ಬಂತು. ಅವಮಾನದಿಂದ ಅವನ ಕಣ್ಣು ತುಂಬಿತು, ಗುರುವಿನ ಮೇಲೆ ಅಷ್ಟು ದ್ವೇಷ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

"ಹಿಡಿ ತುಂಬ ಚೆಲ್ಲೇನಿ. ಎಷ್ಟು ತಿಂದಿ?"

"ಎರಡ ಸಿಕ್ಕವ್ರಿ. ಉಳಿದವು ಸಂದಿಯೊಳಗ ಇಳದಾವ."

"ಹಂಗಾರ ಊಟ ಇತ್ತು."

"ಇತ್ರಿ," ಎಂದ ಅಡಿವೆಯ್ಯ. "ಬಾಯಿಗೆ ಸಿಗಲಿಲ್ಲ."

ಹೇಳಿದ ಮೇಲೆ ಅವನು ಹರವಿಯ ಕಡೆ ನೋಡಿದ.

ಅಜ್ಜನ ಸಿಟ್ಟು ಅಷ್ಟಕ್ಕೆ ಇಳಿಯುವಂಥದ್ದಲ್ಲ. ಸೋಮವಾರದ ಕಾರ್ಯ ನಿಂತಿತೆಂದು ಹೊಳೆಯಾಚೆಗೆ ಹೇಳಿಕಳಿಸಿದರು. ಬಿಲ್ವದ ಬುಡದ ಮರಳು ಮಣ್ಣಿನಲ್ಲಿ ಬೆರೆತುಹೋಗಿತ್ತು, ಹೊಸದು ತರಬೇಕಾಗಿತ್ತು. ಎಂಥದ್ದು, ಎಲ್ಲಿಂದ ಎಂದು ಕೇಳಿದರೆ ಅಜ್ಜ ಬಾಯಿ ಬಿಡಲಿಲ್ಲ.

ಅಡಿವೆಯ್ಯ ಮೊದಲು ದಂಡೆಯ ನುಣುಪಾದ ಕೆಮ್ಮಣ್ಣು ತಂದ. ಬಕೆಟ್ಟಿನ ನೀರಿಗೆ ಹಾಕಿದರೆ ಎರಡು ದಿನವಾದರೂ ತಿಳಿಯಾಗಲಿಲ್ಲ. ಅಜ್ಜ ಬಕೆಟ್ಟನ್ನು ಕಾಲಿನಿಂದ ಒದ್ದು ಚೆಲ್ಲಿದರು.

ಆಮೇಲೆ ಗೋಡೆ ಕಟ್ಟಲು ತರಿಸಿದ್ದ ದಪ್ಪ ಮರಳು ತಂದ. ಅಜ್ಜ ಒಂದು ಚಿಟಿಕೆ ತೆಗೆದು ಅವನ ಒಡೆದ ತುಟಿಗೆ ತಿಕ್ಕಿದರು. ಪ್ರಾಣ ಹೋದಂತಾಯಿತು.

ಮೂರನೆಯ ಸಲ ಅವನು ಯಾರನ್ನೂ ಕೇಳಲಿಲ್ಲ. ಹೊಳೆ ತಿರುವಿನಲ್ಲಿ, ನೀರು ಮೆಲ್ಲಗಾಗುವ ಕಡೆ ಇಳಿದು, ಹಿಡಿ ಹಿಡಿ ಮರಳು ಎತ್ತಿ ತನ್ನ ತುಟಿಗೇ ಉಜ್ಜಿ ನೋಡುತ್ತ ಹೋದ. ಉರಿಯದ ಮರಳು ಸಿಕ್ಕಾಗ ಬುಟ್ಟಿ ತುಂಬಿದ. ಅದನ್ನು ನೀರು ಬದಲಿಸಿ ಬದಲಿಸಿ ಮಧ್ಯಾಹ್ನದವರೆಗೂ ತೊಳೆದ.

ತಳ ಹಾಸಿ, ನೀರು ತಿಳಿಯಾದ ಮೇಲೆ ಮೀನು ಬಿಟ್ಟರು. ಮೊದಲ ದಿನ ಅವು ಮೂಲೆಯಲ್ಲೇ ಇದ್ದವು. ಎರಡನೆಯ ದಿನ ಒಂದು ಕೆಳಗಿಳಿದು, ಮೂತಿ ಮುಟ್ಟಿಸಿ, ಸರ್ರನೆ ಮೇಲೆ ಬಂತು. ನಾಲ್ಕನೆಯ ದಿನ ಮೂರೂ ಮರಳಿಗೆ ಮೂತಿ ತೂರಿಸಿದವು, ನೀರು ಕದಡಿತು.

ಎರಡು ತಿಂಗಳಲ್ಲಿ ಮೊಂಡು ಮೀಸೆ ಚಿಗುರಿತು. ಹೊಳೆಯಾಚೆಯವರು ಅಷ್ಟರಲ್ಲಿ ಮೂರು ಸಲ ಬಂದು ಕೇಳಿ ಹೋಗಿದ್ದರು. ನಾಲ್ಕನೆಯ ಸಲ ಬಂದವರಲ್ಲೊಬ್ಬ ತೊಟ್ಟಿ ನೋಡಿ, ಬಿಳಿ ಕಲ್ಲಿದ್ದಾಗ ಎಷ್ಟು ಚೆಂದವಿತ್ತು, ಈಗ ಮೀನೇ ಕಾಣುವುದಿಲ್ಲವಲ್ಲ ಎಂದ.

"ಉಣ್ಣಾಕತ್ತಾವ. ಇರ್ಲಿ ಬಿಡ್ರಿ," ಎಂದ ಅಡಿವೆಯ್ಯ.

ಆ ಸಂಜೆ ಅವನು ಅಜ್ಜನ ಮುಂದೆ ಕೈ ಕಟ್ಟಿ ನಿಂತ. ಕಳಿಸುತ್ತೀರಾ ಎಂದು ಕೇಳಲು ಬಂದವನ ಬಾಯಿಂದ ಬೇರೆಯೇ ಮಾತು ಬಂತು.

"ನಾಲ್ಕನೇದಕ್ಕ ಆಯುಷ್ಯ ಇತ್ರಿ, ಅಜ್ಜಾರ. ನಾನ ಕೊಂದೆ."

ಅಜ್ಜ ಅವನನ್ನು ದುರುಗುಟ್ಟಿ ನೋಡಿದರು. ಸಿಟ್ಟು ಇನ್ನೂ ಹಾಗೇ ಇತ್ತು.

"ಈಗ ಮಠಕ್ಕ ಹೋಗು. ಅಲ್ಲಿ ಯಾರರ ಸೊರಗಿದ್ರ, ಬಾಯಿ ತಗಿಯೂ ಮೊದಲ ಅವರು ನಿಂತ ನೆಲ ಮುಟ್ಟಿ ನೋಡು."