ಉಡಿಗೆ ಬಿದ್ದ ದ್ರಾಕ್ಷಿ

ಪೂಜ್ಯ ಸಂಗಮ್ಮ ತಾಯಿಯವರು ಆಗ ವಿಜಯಪುರದ ಕಡೆ ಒಂದು ಸಣ್ಣ ಊರಲ್ಲಿ, ತಗಡು ಹೊದಿಸಿದ ಒಂದೇ ಕೋಣೆಯಲ್ಲಿ ವಾಸವಾಗಿದ್ರು. ಆವತ್ತು ಬೆಳಗ್ಗೆ ಪೂಜೆ ಮುಗಿಸಿ, ಬಾಗಿಲಲ್ಲೇ ಕೂತು ದಾಸೋಹದ ಜೋಳ ಹಸನು ಮಾಡ್ತಿದ್ರು. ಅಲ್ಲಿಗೆ ಗೌರಾಬಾಯಿ ದ್ರಾಕ್ಷಿ ಬುಟ್ಟಿ ಹೊತ್ಕೊಂಡು ಬಂದ್ಲು.

"ಅವ್ವಾರ, ನಮ್ಮ ಬಳ್ಳಿದು ಮೊದಲ ಹಣ್ಣರೀ. ನಿಮ್ಮ ಪಾದಕ್ಕ ಮುಟ್ಟಲಿ ಅಂತ ತಂದೀನಿ."

ಅಂದ್ಲೇನೋ ಸರಿ, ತಾಯಿಯವರ ಮುಖ ನೋಡೋಕೆ ಆಗ್ಲಿಲ್ಲ.

ಆ ಬಳ್ಳಿ ಅವಳ ಗಂಡ ಹಿತ್ತಲಲ್ಲಿ ಹಚ್ಚಿದ್ದು. ಅವನು ತೀರಿಕೊಂಡ ಮೇಲೆ ಅದಕ್ಕೆ ಕತ್ತರಿ ಮುಟ್ಟಿಸಿರ್ಲಿಲ್ಲ. ಚಾಟ್ನಿ ಮಾಡ್ಸವ್ವಾ, ಹಳೇ ಕಡ್ಡಿ ಕತ್ತರಿಸಿದ್ರೇನೇ ಚಿಗುರೊಡೆದು ಹಣ್ಣು ಬಿಡೋದು ಅಂತ ಓಣಿಯವರು ಅಂದ್ರೆ, "ಅವರ ಕೈ ಕಡದಂಗ ಆಗ್ತದ" ಅಂತಿದ್ಲು. ಬಳ್ಳಿ ಹಂದರ ದಾಟಿ ಪಕ್ಕದ ದುಂಡಪ್ಪನ ಮಾಳಿಗೆ ಹತ್ತಿತು. ಇರುವೆ, ಹಾವು ಸೇರಿಕೊಂಡ್ವು. ಹಣ್ಣು ಮಾತ್ರ ಒಂದೂ ಇಲ್ಲ. ದಸರಾ ಆದ ಮೇಲೆ ದುಂಡಪ್ಪ ತನ್ನ ಕಡೆ ಬಂದಿದ್ದನ್ನೆಲ್ಲ ಚಾಟ್ನಿ ಮಾಡಿಬಿಟ್ಟ.

ಗೌರಾಬಾಯಿ ಓಣಿಗೆ ಬಂದು ಬೊಗಸೆ ಮಣ್ಣು ತೂರಿ, "ನಿನ್ನ ಮನಿ ಕುಡಿನೂ ಹಿಂಗ ಕಡದು ಬೀಳ್ಲಿ!" ಅಂತ ಶಾಪ ಹಾಕಿದ್ಲು. ದುಂಡಪ್ಪನ ಸೊಸೆ ರೇಣವ್ವ ಹೊಸ್ತಿಲಲ್ಲೇ ನಿಂತಿದ್ಲು. ಅವಳು ಬಸುರಿ ಅಂತ ಗೌರಾಬಾಯಿಗೆ ಆಗ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಹೋಗಿ ಒಂದು ಮಾತಾಡ್ಲಿಲ್ಲ.

ತಾಯಿಯವರು ಒಂದು ಗೊಂಚಲು ಎತ್ತಿ ನೋಡಿದ್ರು.

"ಯಾವ ಕಡಿ ಬಿಟ್ಟಾವವ್ವಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರ್ಲಿಲ್ಲ. "ಅಂವ ಕತ್ತರಿಸಿದ ಕಡಿರೀ... ನನ್ನ ಕಡಿ ಬರೇ ಎಲಿ."

"ಆ ಹುಡುಗಿ ಉಣ್ಣಾಕತ್ಯಾಳೇನು?"

ಶಾಪ ಕೇಳಿದಾಗಿಂದ ರೇಣವ್ವನಿಗೆ ಊಟ ಸೇರ್ತಿಲ್ಲ, ನಿದ್ದೆಯಲ್ಲಿ ಬೆಚ್ಚಿ ಅಳ್ತಾಳೆ ಅನ್ನೋದು ಗೌರಾಬಾಯಿಗೆ ಗೋಡೆಯಾಚೆಯಿಂದ ದಿನಾ ಕೇಳಿಸ್ತಿತ್ತು. "ಇಲ್ರೀ" ಅಂದ್ಲು. ಅದೂ ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ತಾಯಿಯವರು ಗೊಂಚಲನ್ನ ಬುಟ್ಟಿಯಲ್ಲೇ ಇಟ್ರು. "ಇವು ನನಗಲ್ಲ. ಹೋಗಿ ಅಕಿ ಉಡಿ ತುಂಬು."

"ಅಯ್ಯ, ನಾ ಗಂಡ ಸತ್ತಾಕಿರೀ! ಬಸುರಿ ಉಡಿ ನಾ ಹೆಂಗ ತುಂಬಲಿ?"

"ಶಾಪ ಹಾಕಾಕ ಬಂತು. ಹರಸಾಕ ಬರೂದಿಲ್ಲೇನು?"

ಅಷ್ಟೇ ಅಂದು ತಾಯಿಯವರು ಮತ್ತೆ ಮೊರ ಎತ್ತಿಕೊಂಡ್ರು.

ಓಣಿಯಲ್ಲಿ ಯಾರೋ ನಕ್ಕರು: "ಏನ ಗೌರಕ್ಕ, ಇವತ್ತ ಬುಟ್ಟಿಗಟ್ಟಲೆ ಮಣ್ಣ ತಂದೀಯೇನ?" ಅವಳು ತಲೆ ಎತ್ತದೆ ದುಂಡಪ್ಪನ ಬಾಗಿಲಿಗೆ ಹೋಗಿ ನಿಂತ್ಲು. ರೇಣವ್ವ ಅವಳನ್ನ ಕಂಡಿದ್ದೇ ಎರಡೂ ಕೈ ಹೊಟ್ಟೆ ಮೇಲೆ ಇಟ್ಕೊಂಡು ಹಿಂದೆ ಸರಿದ್ಲು. ಅದನ್ನ ನೋಡಿ ಗೌರಾಬಾಯಿ ಹೊಸ್ತಿಲಲ್ಲೇ ಕೂತ್ಲು.

"ತಪ್ಪಾತವ್ವಾ. ಅವ್ವಾರು ಕಳ್ಸ್ಯಾರ. ನಾ ಮುಟ್ಟಬಾರದಾಕಿ, ಗೊತ್ತೈತಿ. ಬ್ಯಾಡ ಅಂದ್ರ ಎದ್ದು ಹೊಕ್ಕೀನಿ."

ರೇಣವ್ವ ಹೊಟ್ಟೆ ಮೇಲಿನ ಕೈ ತೆಗೆದು ಮುಂದೆ ಬಂದು, ಸೆರಗು ಒಡ್ಡಿದ್ಲು.

"ತುಂಬ್ರಿ ಅತ್ತಿ."

ಗೌರಾಬಾಯಿ ಒಂದೊಂದೇ ಗೊಂಚಲು ಇಟ್ಲು. ಕೂಸು ನೂರ್ಕಾಲ ಬಾಳ್ಲಿ ಅನ್ನೋಕೆ ಹೋಗಿ ಬಿಕ್ಕಿಬಿಟ್ಲು. ಒಳಗಿಂದ ದುಂಡಪ್ಪ ಬಂದ. ಅವನ ಮುಖ ನೋಡೋಕೆ ಇನ್ನೂ ಧೈರ್ಯ ಬರ್ಲಿಲ್ಲ ಅವಳಿಗೆ. ನೆಲ ನೋಡ್ತಾನೇ ಕೇಳಿದ್ಲು:

"ತಮ್ಮಾ, ಹಣ್ಣ ಮುಗದ ಮ್ಯಾಲ ನನ್ನ ಕಡಿದೂ ಚಾಟ್ನಿ ಮಾಡಿಕೊಡ್ತೀಯೇನು?"