ಸುಂಕಪ್ಪ ತೋಡದೆ ಬಿಟ್ಟ ಗುಂಡಿ

ನಮ್ಮಜ್ಜನ ಅಜ್ಜ ಹುಟ್ಟೋಕೂ ಎಷ್ಟೋ ಮೊದಲು, ಹಳ್ಳದ ದಂಡೆಯ ಒಂದೂರಲ್ಲಿ ಸುಂಕಪ್ಪ ಅಂತ ಒಬ್ಬ ಕೆರೆ ಕಟ್ಟುವವನಿದ್ದನಂತೆ. ಏಳು ಕೆರೆ ಕಟ್ಟಿದ್ದನಂತೆ, ಏಳರಲ್ಲೂ ನೀರು ನಿಂತಿತ್ತಂತೆ. ಬರಿಗಾಲಿಟ್ಟರೆ ಸಾಕು, ನೆಲದ ಅಡಿಯಲ್ಲಿ ಏನಿದೆ ಅಂತ ಅವನಿಗೆ ತಿಳಿಯುತ್ತಿತ್ತು ಅಂತಾರೆ. ಜನ ಹಾಗಂದರು, ಕಡೆಗೆ ಅವನೂ ಹಾಗೇ ಅಂದುಕೊಂಡ.

ಅವನ ಜೊತೆಗಾರ ತಾಯಪ್ಪ. ಚಿಕ್ಕಂದಿನಿಂದ ಒಂದೇ ಬುತ್ತಿ ಬಿಚ್ಚಿ ಉಂಡವರು. ಸುಂಕಪ್ಪ ಹೂಂ ಅಂದಲ್ಲೆಲ್ಲ ತಾಯಪ್ಪ ಒಂದು ಸಲ ಊಹೂಂ ಅನ್ನುತ್ತಿದ್ದನಂತೆ. ಆಗ ಸುಂಕಪ್ಪ ಗೊಣಗಿಕೊಂಡೇ ಇನ್ನೊಂದು ಗುಂಡಿ ತೋಡಿ ನೆಲ ಗಟ್ಟಿಯೋ ಅಂತ ನೋಡುತ್ತಿದ್ದ.

ಎಂಟನೆಯದು ತಮ್ಮೂರಿನದೇ ಕೆರೆ. ಮಳೆಗಾಲದೊಳಗೆ ಮುಗಿಸಿಕೊಡುತ್ತೇನೆ ಅಂತ ಸುಂಕಪ್ಪ ಊರ ಮುಂದೆ ಮಾತು ಕೊಟ್ಟುಬಿಟ್ಟಿದ್ದ. ಏರಿ ಕಟ್ಟುವ ಜಾಗದ ಎರಡು ತುದಿಯಲ್ಲೂ ಗುಂಡಿ ತೋಡಿದರು. ಎರಡರಲ್ಲೂ ಬಂಡೆ ಸಿಕ್ಕಿತು.

"ನಡುವೆ ಒಂದು ತೋಡೋಣ ಸುಂಕಣ್ಣ," ಅಂದ ತಾಯಪ್ಪ.

"ಆ ಕಡೆ ಬಂಡೆ, ಈ ಕಡೆ ಬಂಡೆ. ನಡುವೆ ಎಲ್ಲಿಗೆ ಹೋಗ್ತದೆ?"

"ಗೊತ್ತಿಲ್ಲ. ಅದಕ್ಕೇ ತೋಡೋಣ ಅಂದೆ."

"ಏಳು ಕೆರೆ ಕಟ್ಟಿದೀನಿ. ನೀನು ಎಷ್ಟು ಕಟ್ಟಿದೀಯ?"

ಏಳನ್ನೂ ಇಬ್ಬರೂ ಕೂಡಿಯೇ ಕಟ್ಟಿದ್ದು. ಮರುದಿನ ಬೆಳಿಗ್ಗೆ ತಾಯಪ್ಪ ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಮೂಡಲ ದಿಕ್ಕಿಗೆ ಹೊರಟುಹೋದ. ಸುಂಕಪ್ಪ ನೋಡುತ್ತ ನಿಂತ, ಕರೆಯಲಿಲ್ಲ. ವಾರದಲ್ಲಿ ಬರ್ತಾನೆ ಅಂದುಕೊಂಡ.

ನಡುವೆ ತೋಡದೆಯೇ ಏರಿ ಕಟ್ಟಿ ಮುಗಿಸಿದ. ಕೆರೆ ತುಂಬಿತು. ಮೂರನೇ ಮಳೆಗಾಲದಲ್ಲಿ ಏರಿಯ ನಡುವೆ, ಬುಡದಿಂದ ನೀರು ಜಿನುಗಿತು. ಮಧ್ಯಾಹ್ನದೊಳಗೆ ಏರಿ ಕುಸಿಯಿತು. ಜನ ದಿಬ್ಬ ಹತ್ತಿ ಉಳಿದರು, ಹೊಲಗಳು ಉಳಿಯಲಿಲ್ಲ. ನೀರಿಳಿದ ಮೇಲೆ ನೋಡಿದರೆ ನಡುವೆ ಬಂಡೆಯೇ ಇರಲಿಲ್ಲ. ಯಾವುದೋ ಕಾಲದ ಹಳ್ಳ ಹೂತುಹೋಗಿ, ಆಳದವರೆಗೂ ಬರೀ ಮರಳು.

ಸುಂಕಪ್ಪ ಆ ಮರಳನ್ನು ಪೂರಾ ತೆಗೆಸಿ, ಜೇಡಿಮಣ್ಣು ತುಂಬಿ, ಏರಿ ಮತ್ತೆ ಕಟ್ಟಿದ. ಯಾವಾಗ ಮುಗಿಯುತ್ತೆ ಅಂತ ಕೇಳಿದರೆ, ನೆಲ ಹೇಳಬೇಕು ಅನ್ನುತ್ತಿದ್ದನಂತೆ. ಎರಡು ವರ್ಷ ಹಿಡಿಯಿತಂತೆ. ಆಮೇಲೆ ಅವನೂ ಮೂಡಲಿಗೆ ಹೊರಟ. ಊರೂರಲ್ಲಿ ತಾಯಪ್ಪನನ್ನು ಕೇಳಿದ. ಇಲ್ಲೇ ಇದ್ದ, ಹೋದ ಅನ್ನುತ್ತಿದ್ದರಂತೆ. ಎಲ್ಲಿ ಕೆಲಸ ಸಿಕ್ಕರೂ ಗುಂಡಿ ತೋಡಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಅಂಚಿನಲ್ಲಿ ಕೂತು, ಊಹೂಂ ಅನ್ನುವ ಒಂದು ದನಿಗೆ ಕಿವಿಗೊಡುತ್ತಿದ್ದ ಅಂತಾರೆ. ಸುತ್ತ ಇದ್ದವರೆಲ್ಲ ಹೂಂ ಅಂದರು. ತಾಯಪ್ಪನೊಬ್ಬ ಸಿಗಲೇ ಇಲ್ಲ.

ನಮ್ಮ ಕಡೆ ಇವತ್ತಿಗೂ ಮನೆಗಾಗಲಿ ಸೇತುವೆಗಾಗಲಿ ಪಾಯ ತೆಗೆದಾಗ, ದಾರಿಯಲ್ಲಿ ಹೋಗುವ ಬೇರೆ ಊರಿನವರನ್ನು ಕರೆದು, ಊಟಕ್ಕಿಕ್ಕಿ, ಗುಂಡಿ ತೋರಿಸುತ್ತಾರೆ. ಅವರು ಏನಾದರೊಂದು ಕೊರತೆ ಎತ್ತಿ ಹೇಳುವವರೆಗೂ ಮೊದಲ ಕಲ್ಲು ಇಡುವುದಿಲ್ಲ.